ಕತ್ತಿ ಯಾರ ಕೈಯಲ್ಲಿ

ಶ್ರಾವಣ ಕಳೆದ ಮೇಲೆ ನಾಲ್ಕು ದಿನ ಸವದತ್ತಿ ಸೀಮೆಯ ಸಲೂನುಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ. ತಿಂಗಳಿಡೀ ಮುಖಕ್ಕೆ ಕತ್ತಿ ಮುಟ್ಟಿಸದ ಗಂಡಸರು ಬೆನಕನ ಅಮಾವಾಸ್ಯೆ ದಾಟಿದ್ದೇ ತಡ, ಗಣಪತಿ ಕೂರುವುದರೊಳಗೆ ಗಡ್ಡ ತೆಗೆಸಿಕೊಳ್ಳಬೇಕೆಂದು ಒಮ್ಮೆಲೇ ಬರುತ್ತಾರೆ. ಹೂಲಿಯಂಥ ಊರಿನಲ್ಲೂ ಇದೇ ಗದ್ದಲ. ಮನೆಯಲ್ಲಿ ಎಲೆಕ್ಟ್ರಿಕ್ ಶೇವರ್ ಇದ್ದವರೂ ಆ ಸಾಲಿನಲ್ಲಿ ಇರುತ್ತಾರೆ, ಏಕೆಂದರೆ ತಿಂಗಳ ಗಡ್ಡ ಆ ಯಂತ್ರಕ್ಕೆ ಬಗ್ಗುವುದಿಲ್ಲ.

ಕಾರಣ ಯಂತ್ರದ ರಚನೆಯಲ್ಲೇ ಇದೆ. ಶೇವರಿನ ಮುಖಕ್ಕೆ ಕಾಗದದಷ್ಟು ತೆಳುವಾದ ಲೋಹದ ಜಾಲರಿ. ಅದರ ತೂತುಗಳಲ್ಲಿ ಕೂದಲು ನುಸುಳಿದರೆ, ಒಳಗೆ ಬಿರುಸಾಗಿ ಅತ್ತಿತ್ತ ಓಡಾಡುವ ಅಲಗು ಅದನ್ನು ಕತ್ತರಿಸುತ್ತದೆ. ನಿನ್ನೆ ಮೊನ್ನೆಯ ಗಡ್ಡ ಮೊಳಕೆಯಂತೆ ನೆಟ್ಟಗೆ ನಿಂತಿರುವುದರಿಂದ ಸುಲಭವಾಗಿ ಒಳಹೋಗುತ್ತದೆ. ಆದರೆ ಗಡ್ಡ ದಿನಕ್ಕೆ ಸುಮಾರು 0.4 ಮಿಲಿಮೀಟರ್ ಬೆಳೆಯುತ್ತದೆ. ತಿಂಗಳಾದರೆ ಒಂದು ಸೆಂಟಿಮೀಟರ್ ಮೀರಿ ಚರ್ಮದ ಮೇಲೆ ಮಲಗಿಬಿಡುತ್ತದೆ. ಆಗ ಜಾಲರಿಗೆ ಕೂದಲು ಸಿಗುವುದಿಲ್ಲ, ಸಿಕ್ಕರೆ ಕತ್ತರಿಸುವುದಕ್ಕಿಂತ ಹೆಚ್ಚು ಜಗ್ಗುತ್ತದೆ. ದಿನಾ ಬೆಳಗಾದರೆ ಗಡ್ಡ ತೆಗೆಯುವವರಿಗಾಗಿ ಹುಟ್ಟಿದ ಯಂತ್ರ ಅದು. ನಮ್ಮ ಕಡೆಯ ಗಡ್ಡದ ಪಂಚಾಂಗವೇ ಬೇರೆ. ಸೋಮವಾರ ಬೇಡ, ಅಮಾವಾಸ್ಯೆ ಬೇಡ, ಶ್ರಾವಣ ಬೇಡ ಎನ್ನುವ ಮನೆಗಳು ಇನ್ನೂ ಎಷ್ಟೋ ಇವೆ. ಯಂತ್ರವೋ ಬ್ಲೇಡೋ ಎಂಬ ಪ್ರಶ್ನೆಯನ್ನು ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಬಗೆಹರಿಸಲು ಹೋದರೆ ಅರ್ಧ ಮಾತು ಬಿಟ್ಟುಹೋಗುತ್ತದೆ. ಆ ಅರ್ಧ ಮಾತು ಇರುವುದು ಕತ್ತಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದರಲ್ಲಿ.

ಹೂಲಿ ಹಳೆಯ ಊರು. ಶಾಸನಗಳಲ್ಲಿ ಪೂಲಿ ಎಂದು ಕರೆಸಿಕೊಂಡ, ಸಾವಿರ ಮಹಾಜನರ ಅಗ್ರಹಾರ. ಪಂಚಲಿಂಗೇಶ್ವರ ಗುಡಿ ಆ ಕಾಲದ್ದು. ಇಂಥ ಊರುಗಳಲ್ಲಿ ಕತ್ತಿ ಹಿಡಿಯುತ್ತಿದ್ದದ್ದು ಒಂದೇ ಮನೆತನ, ಹಡಪದವರು. ಬಸವಣ್ಣನವರ ಆಪ್ತನಾಗಿದ್ದ ಹಡಪದ ಅಪ್ಪಣ್ಣನನ್ನು ಕುಲಗುರುವೆಂದು ನಂಬಿದ ಸಮುದಾಯ ಇದು. ಅಪ್ಪಣ್ಣನೂ ಅವನ ಮಡದಿ ಲಿಂಗಮ್ಮನೂ ವಚನಕಾರರು. ಪ್ರತಿವರ್ಷ ಆಷಾಢದ ಹುಣ್ಣಿಮೆಗೆ, ಅಂದರೆ ಗಡ್ಡ ಬಿಡುವ ಶ್ರಾವಣಕ್ಕೆ ಹದಿನೈದು ದಿನ ಮೊದಲು, ಅಪ್ಪಣ್ಣನ ಜಯಂತಿ ನಡೆಯುತ್ತದೆ.

ಬಗಲಲ್ಲಿ ಚೀಲ ಇಟ್ಟುಕೊಂಡು ಹಡಪದ ಮನೆಯವರು ಓಣಿಗೆ ಬರುತ್ತಿದ್ದರು. ಒಳಗೆ ಕತ್ತಿ, ಕತ್ತರಿ, ಬಾಚಣಿಕೆ, ಉಗುರು ತೆಗೆಯುವ ಚಿಕ್ಕ ಉಳಿ, ಸಾಣೆಕಲ್ಲು, ತೊಗಲಿನ ಪಟ್ಟಿ, ಅಂಗೈಯಗಲದ ಕನ್ನಡಿ, ನೀರಿಗೊಂದು ಬಟ್ಟಲು. ಕಟ್ಟೆಯ ಮೇಲೆ ಇಬ್ಬರೂ ಎದುರುಬದುರು ಕುಕ್ಕರಗಾಲಲ್ಲಿ ಕೂತರೆ ಕೆಲಸ ಶುರು. ಸಾಬೂನು ಎಲ್ಲರಿಗೂ ಇರಲಿಲ್ಲ. ನೀರು ಹಚ್ಚಿ, ಹೆಬ್ಬೆರಳಿನಿಂದ ಗಲ್ಲ ತಿಕ್ಕಿ ತಿಕ್ಕಿ ಗಡ್ಡ ನೆನೆಸುತ್ತಿದ್ದರು. ಅದರಲ್ಲಿ ದೊಡ್ಡ ಅನುಭವ ಅಡಗಿತ್ತು: ಒಣ ಗಡ್ಡದ ಕೂದಲು ಗಟ್ಟಿ, ಎರಡು ಮೂರು ನಿಮಿಷ ನೀರು ಕುಡಿದರೆ ಉಬ್ಬಿ ಮೆದುವಾಗುತ್ತದೆ. ಆಮೇಲೆ ಕತ್ತಿಗೆ ಪಟ್ಟಿ. ತೊಗಲಿನ ಒಂದು ತುದಿಯನ್ನು ಕಾಲ್ಬೆರಳಿನಲ್ಲಿ ಒತ್ತಿ, ಇನ್ನೊಂದನ್ನು ಎಡಗೈಯಲ್ಲಿ ಬಿಗಿಹಿಡಿದು, ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ ಇರುವಂತೆ ಎಳೆಯುವುದು. ತುದಿಗೆ ಬಂದಾಗ ಬೆನ್ನಿನ ಮೇಲೇ ಹೊರಳಿಸಿ ವಾಪಸು ತರುವುದು. ಬಾಯಿಯ ಮೇಲೆ ಹೊರಳಿಸಿದರೆ ತೊಗಲೂ ಹೋಯಿತು, ಕತ್ತಿಯೂ ಹೋಯಿತು.

ಉಕ್ಕು ಕೂದಲಿಗೇಕೆ ಮೊಂಡಾಗುತ್ತದೆ ಎಂಬುದು ವಿಜ್ಞಾನಕ್ಕೂ ಬಹುಕಾಲ ಒಗಟಾಗಿತ್ತು. ಬ್ಲೇಡಿನ ಉಕ್ಕಿನ ಮುಂದೆ ಕೂದಲು ಸುಮಾರು 50 ಪಟ್ಟು ಮೆದು. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಬಾಯಿ ಸವೆಯುವುದಷ್ಟೇ ಅಲ್ಲ, ಕೂದಲು ಓರೆಯಾಗಿ ಬಾಗಿ ತಗುಲಿದಾಗ ಉಕ್ಕಿನ ರಚನೆ ಒಂದೇ ಸಮನಾಗಿಲ್ಲದ ಕಡೆ ಕಣ್ಣಿಗೆ ಕಾಣದ ಚೂರುಗಳು ಸಿಡಿಯುತ್ತವೆ. ಸಾಣೆಕಲ್ಲು ಮತ್ತು ತೊಗಲು ಶತಮಾನಗಳಿಂದ ರಿಪೇರಿ ಮಾಡುತ್ತಿದ್ದದ್ದು ಈ ಬಾಯನ್ನೇ.

ಹಡಪದವರ ಈ ಕೆಲಸಕ್ಕೆ ದುಡ್ಡಿನ ಲೆಕ್ಕವಿರಲಿಲ್ಲ, ಆಯ ಇತ್ತು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತ ವರ್ಷದ ಕೆಲಸಕ್ಕೆ ಜೋಳ ಅಳೆದು ಕೊಡುತ್ತಿದ್ದ. ಬಡಿಗ, ಕಂಬಾರ, ಕುಂಬಾರ, ಅಗಸರ ಹಾಗೆ ಹಡಪದವರೂ ಊರಿನ ಆಯಗಾರರು. ಮಳೆ ಕೈಕೊಟ್ಟ ವರ್ಷ ಕಣವೂ ಖಾಲಿ, ಅವರ ಕಣಜವೂ ಖಾಲಿ. ಮಗುವಿನ ಜವಳ, ಮದುವೆ, ಸಾವಿನ ಮನೆಯ ಮುಂಡನ, ಎಲ್ಲಕ್ಕೂ ಅದೇ ಕೈ ಬೇಕು. ಈ ವ್ಯವಸ್ಥೆಯನ್ನು ನೆನೆದು ಹಂಬಲಿಸುವವರನ್ನು ಕೇಳಿದ್ದೇನೆ. ನನಗೆ ಆ ಹಂಬಲವಿಲ್ಲ. ಜಮೀನಿದ್ದವನಿಗೆ ಒಲ್ಲೆ ಎನ್ನುವ ಹಾಗಿರಲಿಲ್ಲ, ಊರು ಹೊರಗಿಟ್ಟವರಿಗೆ ಆಗಲಿ ಎನ್ನುವ ಹಾಗೂ ಇರಲಿಲ್ಲ. ಕತ್ತಿ ಹಡಪದವರ ಕೈಯಲ್ಲಿ, ಅದು ಯಾರ ಗಲ್ಲ ಮುಟ್ಟಬೇಕು ಎಂಬ ತೀರ್ಮಾನ ಮಾತ್ರ ಬೇರೆಯವರ ಬಾಯಲ್ಲಿ.

ಅಂಬೇಡ್ಕರರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಸಾತಾರೆಯ ತಮ್ಮ ಬಾಲ್ಯವನ್ನು ಹೇಳುವಾಗ ಈ ಮಾತು ಬರುತ್ತದೆ. ಊರಲ್ಲಿ ಕ್ಷೌರಿಕರಿದ್ದರು, ಕೊಡಲು ದುಡ್ಡೂ ಇತ್ತು, ಆದರೂ ಯಾರೂ ಮುಟ್ಟುತ್ತಿರಲಿಲ್ಲ. ಅಕ್ಕನೇ ಅವರ ಕೂದಲು ಕತ್ತರಿಸುತ್ತಿದ್ದಳು. ಸಾತಾರೆಯೂ ನಮ್ಮ ಬೆಳಗಾವಿಯೂ ಆಗ ಒಂದೇ ಮುಂಬೈ ಪ್ರಾಂತ. ಮನೆಯಲ್ಲೇ ಗಡ್ಡ ತೆಗೆದುಕೊಳ್ಳುವ ಸಾಧನವನ್ನು ಬರೀ ಅನುಕೂಲದ ಸರಕು ಎಂದು ನೋಡಲು ನನಗಾಗದು. ಕೆಲವರ ಪಾಲಿಗೆ ಅದು ಯಾರ ಕಟ್ಟೆಯ ಮುಂದೆಯೂ ನಿಲ್ಲದೆ ಬದುಕುವ ದಾರಿಯಾಗಿತ್ತು.

ಆ ಸಾಧನ ಬಂದದ್ದು ಅಮೆರಿಕದ ಒಬ್ಬ ಸೇಲ್ಸ್‌ಮನ್‌ನ ಹಟದಿಂದ. ಮೊಂಡಾದರೆ ಸಾಣೆ ಹಿಡಿಯದೆ ಎಸೆಯುವಂಥ ತೆಳ್ಳನೆ ಅಲಗು ಮಾಡಬೇಕೆಂದು ಕಿಂಗ್ ಕ್ಯಾಂಪ್ ಜಿಲೆಟ್ 1895ರಲ್ಲಿ ಯೋಚಿಸಿದ. ಅಷ್ಟು ತೆಳುವಾದ ಉಕ್ಕಿಗೆ ಹದ ಕೂಡಿಸುವುದು ಆಗದ ಮಾತು ಎಂದು ಬಲ್ಲವರು ಅಂದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಕೈಗೂಡಿಸಿದ. 1901ರಲ್ಲಿ ಕಂಪನಿ ಹುಟ್ಟಿತು. ಮಾರಾಟದ ಮೊದಲ ವರ್ಷ 1903ರಲ್ಲಿ ಹೋದದ್ದು 51 ರೇಜರ್, 168 ಬ್ಲೇಡ್. ಮರುವರ್ಷ 90 ಸಾವಿರಕ್ಕೂ ಹೆಚ್ಚು ರೇಜರ್! ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರಕಾರ ಸೈನಿಕರಿಗಾಗಿ 35 ಲಕ್ಷ ರೇಜರ್ ಕೊಂಡಿತು, ಮನೆಗೆ ಮರಳಿದ ಸೈನಿಕರು ರೂಢಿಯನ್ನೂ ಹೊತ್ತು ತಂದರು. ನಮ್ಮಲ್ಲೂ ಫೌಜಿನಲ್ಲಿದ್ದವರು ದಿನಾ ಗಡ್ಡ ತೆಗೆಯಲೇಬೇಕು, ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದೇ ಬೆಳಗಾವಿಯಲ್ಲಿ. ರಜೆಗೆ ಬಂದವರು ಹಿತ್ತಲಲ್ಲಿ ಕನ್ನಡಿ ತೂಗುಹಾಕಿ, ಬ್ರಷ್ಷಿನಿಂದ ನೊರೆ ಎಬ್ಬಿಸುವುದನ್ನು ಓಣಿಯ ಹುಡುಗರು ನಿಂತು ನೋಡುತ್ತಿದ್ದರು.

ಮೊದಲಿನ ಬ್ಲೇಡುಗಳು ತುಕ್ಕು ಹಿಡಿಯುತ್ತಿದ್ದವು, ಒರಸಿ ಒಣಗಿಸಿ ಇಡಬೇಕಿತ್ತು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿಲ್ಕಿನ್‌ಸನ್ ಸ್ವೋರ್ಡ್ ಸ್ಟೇನ್‌ಲೆಸ್ ಉಕ್ಕಿನ ಬ್ಲೇಡನ್ನು ಜನಪ್ರಿಯ ಮಾಡಿದ ಮೇಲೆ ಆ ಕಾಟ ತಪ್ಪಿತು. ನಮ್ಮ ದೇಶದಲ್ಲಿ ಮಲ್ಹೋತ್ರಾ ಮನೆತನದ ಕಂಪನಿಗಳು ಬ್ಲೇಡಿನ ಪೇಟೆಯನ್ನು ದಶಕಗಳ ಕಾಲ ಆಳಿದವು. ಟೋಪಾಜ್, ಸೂಪರ್‌ಮ್ಯಾಕ್ಸ್, ಸೆವೆನ್ ಓ ಕ್ಲಾಕ್ ಹೆಸರುಗಳು ಬೀಡಿ, ಬೆಂಕಿಪೆಟ್ಟಿಗೆಯ ಜತೆಗೇ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ತೂಗಾಡಿದವು.

ಇತ್ತ ಕಟ್ಟೆಯ ಕ್ಷೌರ ಸಲೂನಿನ ಕುರ್ಚಿಗೆ ಏರಿತು, ಜೋಳದ ಬದಲು ರೊಕ್ಕ ಬಂತು. ಕತ್ತಿ ಹೋಗಿ ಬ್ಲೇಡ್ ಸಿಕ್ಕಿಸುವ ಹಿಡಿ ಬಂದದ್ದಕ್ಕೆ ಮುಖ್ಯ ಕಾರಣ ಭಯ. 1990ರ ದಶಕದಿಂದೀಚೆ ಬೆಳಗಾವಿ, ಬಾಗಲಕೋಟೆ ಸೀಮೆಯಲ್ಲಿ ಎಚ್‌ಐವಿಯ ಹೆಸರು ಮನೆಮನೆಗೆ ಮುಟ್ಟಿತು. ಸಲೂನಿನಲ್ಲಿ ಹೊಸ ಬ್ಲೇಡ್ ಕೇಳಿ ಎಂಬ ಸೂಚನೆ ಗೋಡೆಗಳ ಮೇಲೂ ಬಂತು. ನಿಜ ಹೇಳಬೇಕೆಂದರೆ ಗಡ್ಡದ ಕತ್ತಿಯಿಂದ ಎಚ್‌ಐವಿಗಿಂತ ಹೆಪಟೈಟಿಸ್ ಬಿ ಹರಡುವ ಅಪಾಯ ಹೆಚ್ಚು. ಆ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಹೆದರಿಕೆ ಹುಟ್ಟಿಸಿದ ರೋಗ ಒಂದಾದರೂ ಕಾವಲು ಎರಡಕ್ಕೂ ಸಿಕ್ಕಿತು.

ಈಗ ಹೂಲಿಯ ಸಲೂನಿನಲ್ಲಿ ಕೂತರೆ ಕೇಳುವ ಮೊದಲ ಮಾತು ಅದೇ.

“ತಮ್ಮಾ, ಬ್ಲೇಡ್ ಹೊಸಾದ ಹಾಕು.”

“ಹೊಸಾದ ಐತ್ರಿ ಕಾಕಾ, ನಿಮ್ಮ ಮುಂದನ ಬಿಚ್ಚೀನಿ ನೋಡ್ರಿ.”

ಹುಡುಗ ಬ್ಲೇಡನ್ನು ಕಾಗದದ ಸಮೇತ ಎರಡು ಬೆರಳಲ್ಲಿ ಹಿಡಿದು ಉದ್ದಕ್ಕೆ ಬಗ್ಗಿಸುತ್ತಾನೆ. ಚಟ್ಟನೆ ಎರಡು ಹೋಳು. ಒಂದು ಹಿಡಿಗೆ, ಇನ್ನೊಂದು ಅದೇ ಕಾಗದದೊಳಗೆ, ಮುಂದಿನ ಗಿರಾಕಿಗೆ. ಒಂದು ಬ್ಲೇಡಿನಲ್ಲಿ ಇಬ್ಬರಿಗೂ ಹೊಸ ಬಾಯಿ. ಗಡ್ಡ ಮುಗಿದ ಮೇಲೆ ಒದ್ದೆ ಮುಖಕ್ಕೆ ಪಟಿಕದ ಹರಳು ಉಜ್ಜುವುದು ಮಾತ್ರ ಹಳೆಯ ರೂಢಿ. ಎಲ್ಲರಿಗೂ ಅದೇ ಹರಳು ಎಂಬುದು ಸರಿಯಲ್ಲ. ಬ್ಲೇಡಿನ ಬಗ್ಗೆ ಅಷ್ಟು ಎಚ್ಚರ ಕಲಿತವರು ಇದನ್ನೂ ಬದಲಿಸಬೇಕು.

ಎಲೆಕ್ಟ್ರಿಕ್ ಶೇವರ್ ಹುಟ್ಟಿದ್ದು ಇದಕ್ಕೆಲ್ಲ ತೀರ ದೂರದ ಒಂದು ಕಷ್ಟದಿಂದ. ಜೇಕಬ್ ಶಿಕ್ ಎಂಬ ಅಮೆರಿಕದ ಸೇನಾಧಿಕಾರಿಗೆ ಅಲಾಸ್ಕಾದ ಚಳಿಯಲ್ಲಿ ಗಡ್ಡಕ್ಕೆ ನೀರೇ ಹಚ್ಚುವಂತಿರಲಿಲ್ಲ. ನೀರು, ಸಾಬೂನು ಎರಡೂ ಬೇಡದ ಯಂತ್ರ ಮಾಡಬೇಕೆಂದು ಹೊರಟು, 1931ರಲ್ಲಿ 25 ಡಾಲರಿಗೆ ಮಾರಾಟಕ್ಕೆ ತಂದ. 1939ರಲ್ಲಿ ಹಾಲೆಂಡಿನ ಫಿಲಿಪ್ಸ್‌ನ ಎಂಜಿನಿಯರ್ ಅಲೆಕ್ಸಾಂಡರ್ ಹೊರೊವಿಟ್ಸ್ ದುಂಡಗೆ ತಿರುಗುವ ಅಲಗಿನ ಶೇವರ್ ಮಾಡಿದ. ಜರ್ಮನಿಯ ಬ್ರೌನ್ ಕಂಪನಿಯ ಜಾಲರಿ ಶೇವರ್ 1950ರ ಹೊತ್ತಿಗೆ ಬಂತು. ಇಂದಿಗೂ ಪೇಟೆಯಲ್ಲಿ ಮುಖ್ಯವಾಗಿ ಇರುವುದು ಈ ಎರಡೇ ವಂಶ.

ನೀರಿನ ಕೊರತೆ ನಮ್ಮ ಎರೆಭೂಮಿಗೂ ಗೊತ್ತು, ಆದರೆ ಆ ಕಷ್ಟಕ್ಕೆ ನಮ್ಮಲ್ಲಿ ಸಿಕ್ಕ ಉತ್ತರ ಕರೆಂಟಿನದ್ದಲ್ಲ. ಜಿಲೆಟ್ ಕಂಪನಿಯವರು ಭಾರತಕ್ಕೆಂದು ಮಾಡಿದ ಒಂದು ರೇಜರನ್ನು ಮೊದಲು ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಕೈಗೆ ಕೊಟ್ಟರು, ಎಲ್ಲರೂ ಮೆಚ್ಚಿದರು. ಇಲ್ಲಿಗೆ ತಂದಾಗ ಬ್ಲೇಡಿನ ಸಂದಿಯಲ್ಲಿ ಕೂದಲು ಕಟ್ಟಿ ಕೂತಿತು. ಅಲ್ಲಿಯ ವಿದ್ಯಾರ್ಥಿಗಳ ಮನೆಯಲ್ಲಿ ನಲ್ಲಿ ಇತ್ತು, ಇಲ್ಲಿಯ ಗಂಡಸು ನೆಲದ ಮೇಲೆ ಕೂತು ಒಂದು ಬಟ್ಟಲು ನೀರಿನಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದ. ನಾಲ್ಕು ದಿನಕ್ಕೊಮ್ಮೆ ತೆಗೆಯುವ ಉದ್ದ ಗಡ್ಡ ಬೇರೆ. ಇದನ್ನು ಕಣ್ಣಾರೆ ಕಂಡ ಮೇಲೆ ಹೊಸದಾಗಿ ರೂಪಿಸಿದ ಒಂಟಿ ಅಲಗಿನ ‘ಗಾರ್ಡ್’ 2010ರಲ್ಲಿ 15 ರೂಪಾಯಿಗೆ ಬಂತು, ಬ್ಲೇಡಿಗೆ 5 ರೂಪಾಯಿ. ಶತಮಾನಗಳ ಹಿಂದಿನ ಹಡಪದವರ ಬಟ್ಟಲು ದೊಡ್ಡ ಕಂಪನಿಯ ಲೆಕ್ಕಾಚಾರವನ್ನು ತಿದ್ದಿತು ಎಂದರೆ ತಪ್ಪಾಗದು.

ಯಂತ್ರ ಹಳ್ಳಿಯಲ್ಲಿ ನಿಜವಾಗಿ ಗೆದ್ದದ್ದು ಟ್ರಿಮ್ಮರಿನ ರೂಪದಲ್ಲಿ, ಅದೂ ಸಲೂನಿನ ಮೂಲಕ. ಹುಡುಗರಿಗೆ ಈಗ ನುಣ್ಣನೆ ಗಲ್ಲ ಬೇಡ, ಗೆರೆ ಎಳೆದಂಥ ಗಡ್ಡ ಬೇಕು. ಅದನ್ನು ಇಳಿಸಲು ಟ್ರಿಮ್ಮರ್, ಅಂಚು ತೀಡಲು ಅರ್ಧ ಬ್ಲೇಡ್. ಎರಡೂ ಒಂದೇ ಕೈಯಲ್ಲಿ. ಯಲ್ಲಮ್ಮನ ಗುಡ್ಡಕ್ಕೆ ಹೋದವರು ಸೋದರಮಾವನ ತೊಡೆಯ ಮೇಲೆ ಮಗುವನ್ನು ಕೂಡಿಸಿ ಜವಳ ತೆಗೆಸುವಾಗ ಮನೆಯ ರೇಜರ್ ತೆಗೆಯುವುದಿಲ್ಲ. ಕೈ ಬಲ್ಲವರೇ ಬೇಕು.

ಆ ಕೈ ಎಲ್ಲರಿಗೂ ಸಿಗುತ್ತಿದೆಯೇ? 2020ರಲ್ಲಿ ನಂಜನಗೂಡು ತಾಲೂಕಿನ ಹಲ್ಲರೆಯಲ್ಲಿ ದಲಿತರ ಕೂದಲು ಕತ್ತರಿಸಿದ್ದಕ್ಕೆ ಕ್ಷೌರಿಕರೊಬ್ಬರಿಗೆ ದಂಡ, ಬಹಿಷ್ಕಾರ ಹಾಕಿದ ಸುದ್ದಿ ಬಂತು. ಜಾತಿ ನೋಡಿ ಅಂಗಡಿಯ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲೇ ಅಪರಾಧ. ಹಲ್ಲರೆಯಲ್ಲಿ ನೋವುಂಡವರು ಕುರ್ಚಿಯಲ್ಲಿ ಕೂತವರು ಮಾತ್ರವಲ್ಲ, ಕತ್ತರಿ ಹಿಡಿದವರೂ ಹೌದು. ಮನೆಯ ರೇಜರ್ ಒಬ್ಬನನ್ನು ಈ ಅವಮಾನದಿಂದ ಕಾಯಬಹುದು, ಸಲೂನಿನ ಬಾಗಿಲನ್ನು ಅದು ತೆರೆಸಲಾರದು. ಅದನ್ನು ಊರೇ ತೆರೆಯಬೇಕು.

ಇನ್ನು ಮನೆಗೆ ಯಾವುದು? ಚರ್ಮ ತಡೆದರೆ, ಕೈ ಗಟ್ಟಿ ಇದ್ದರೆ, ಹಬ್ಬ ಮದುವೆಗೆ ನುಣುಪು ಬೇಕಾದರೆ ಬ್ಲೇಡನ್ನು ಮೀರಿಸುವುದಿಲ್ಲ ಯಂತ್ರ, ಏಕೆಂದರೆ ಜಾಲರಿಯ ದಪ್ಪದಷ್ಟು ಕೂದಲು ಉಳಿದೇ ಉಳಿಯುತ್ತದೆ. ಗುಂಗುರು ಗಡ್ಡದವರಿಗೆ ಆ ಉಳಿಕೆಯೇ ಒಳ್ಳೆಯದು. ತೀರ ಬುಡಕ್ಕೆ ಕತ್ತರಿಸಿದ ಕೂದಲು ಬಾಗಿ ಚರ್ಮದೊಳಗೇ ಬೆಳೆದು ಗುಳ್ಳೆಯಾಗುತ್ತದೆ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ಗಾಯ ಬೇಗ ಮಾಯದ ಸಕ್ಕರೆ ಕಾಯಿಲೆಯವರು ಶೇವರ್ ಹಿಡಿಯುವುದೇ ಲೇಸು. ಶಸ್ತ್ರಚಿಕಿತ್ಸೆಗೆ ಮುನ್ನ ಮೈಗೂದಲನ್ನು ರೇಜರಿನಿಂದ ಬೋಳಿಸಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದೂ ಬ್ಲೇಡಿನ ಸಣ್ಣ ಗೀರುಗಳಿಗೆ ಸೋಂಕು ಅಂಟುತ್ತದೆಂದೇ.

ಕೈ ನಡುಗುವ ಅಜ್ಜಂದಿರ ಮನೆಗೆ ಶೇವರ್ ಬರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಸಲೂನಿನವರೆಗೆ ನಡೆಯಲಾಗದವರ ಗಡ್ಡವನ್ನು ಮೊಮ್ಮಗನೋ ಸೊಸೆಯೋ ಹೆದರದೆ ತೆಗೆಯಬಹುದು. ಎರಡು ದಿನಕ್ಕೊಮ್ಮೆ ಮಾಡಿ, ಬಿಟ್ಟರೆ ಜಗ್ಗುತ್ತದೆ. ಮುಖ ಒದ್ದೆಯಿದ್ದರೆ ಒರಸಿ ಒಣಗಿಸಿ. ಸುಕ್ಕುಗಟ್ಟಿದ ಗಲ್ಲವನ್ನು ಎಡಗೈಯಿಂದ ಮೆಲ್ಲಗೆ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಓಡಿಸಿ, ಒತ್ತಬೇಡಿ. ಮುಗಿದ ಮೇಲೆ ಜಾಲರಿ ಬಿಚ್ಚಿ ಪುಡಿ ಕೊಡವಿ. ಜಾಲರಿ ಎಲ್ಲಾದರೂ ಹರಿದಿದ್ದರೆ ಅದನ್ನು ಬದಲಿಸುವ ತನಕ ಮುಖಕ್ಕೆ ತಾಗಿಸಬೇಡಿ. ಶ್ರಾವಣ ಹಿಡಿಯುವ ಅಜ್ಜನಾದರೆ, ಅಮಾವಾಸ್ಯೆ ಮುಗಿದ ಮೇಲೆ ಸಲೂನಿನವರನ್ನು ಮನೆಗೇ ಕರೆಸಿ, ಕತ್ತರಿಯಿಂದ ಇಳಿಸಿದ ನಂತರವೇ ಯಂತ್ರ ಹಚ್ಚಿ.