ಕೆಸರಿನಲ್ಲಿ ನಿಂತು ಕಲಿಯುವ ಬೇಸಿಗೆ

“ಮೇಷ್ಟ್ರೇ, ಕನ್ನಡ ಶಾಲೆಯಲ್ಲಿ ಓದಿದವಳಿಗೆ ಮುಂದೆ ಸಂಶೋಧನೆ ಗಿಂಶೋಧನೆ ದಕ್ಕುತ್ತದೆಯೇ?” ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಸಂಶೋಧನೆ ಎಂದರೆ ಏನು ಮಾಡುತ್ತಾರೆಂದು ಮೊದಲು ನೋಡಿ.

ಸ್ವೀಡನ್ನಿನ ಉತ್ತರದಲ್ಲಿ ಅಬಿಸ್ಕೊ ಎಂಬ ಊರಿದೆ. ಪಕ್ಕದ ಸ್ಟೋರ್ಡಾಲೆನ್ ಜೌಗಿಗೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯ ಪದವಿ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಕರೆದೊಯ್ದಿದೆ. ಅಲ್ಲಿ ಮಣ್ಣಿನಡಿ ವರ್ಷವಿಡೀ ಹೆಪ್ಪುಗಟ್ಟಿದ ನೆಲ. ಈಗ ಅದು ಕರಗಿ ಕುಸಿಯುತ್ತಿದೆ, ಕುಸಿದಲ್ಲಿ ನೀರು ನಿಲ್ಲುತ್ತಿದೆ. ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಉಳಿದ ಪಾಚಿ, ಹುಲ್ಲನ್ನು ಗಾಳಿಯಾಡದ ಆ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಕೊಳೆಸಿದಾಗ ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ.

ಹುಡುಗರ ಕೆಲಸವೇನು? ಸರಳು ಚುಚ್ಚಿ ಹೆಪ್ಪು ಎಷ್ಟು ಆಳದಲ್ಲಿದೆ ಎಂದು ಅಳೆಯುವುದು. ಜೌಗಿನ ಮೇಲೆ ಡಬ್ಬಿ ಕವುಚಿ, ಗಡಿಯಾರ ನೋಡಿಕೊಂಡು ಸಿರಿಂಜಿನಲ್ಲಿ ಗಾಳಿ ಎಳೆಯುವುದು. ಸೊಳ್ಳೆ ಮುತ್ತಿದರೂ ಬರೆದ ಅಂಕಿ ತಪ್ಪಬಾರದು. ಇಷ್ಟು ನಿಮ್ಮ ಮಗಳಿಂದ ಆಗದೇ?

ಆದರೆ ಒಂದು ಮಾತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಲ್ಲಿ ನಡೆಯುವ ಇಂಥ ಬೇಸಿಗೆ ಕಾರ್ಯಕ್ರಮಗಳ ವಿದ್ಯಾರ್ಥಿವೇತನ ಅಲ್ಲಿನ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ದುಡ್ಡು ಕೊಟ್ಟರೆ ಅದರಲ್ಲಿ ಸೇರಿಸುತ್ತೇವೆ ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿ.

ನಮ್ಮವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಇದೆ. ಗಡಿಯಾಚೆಯ ನಾವೂ ಭಾರತದವರೇ, ಅರ್ಜಿ ಹಾಕಬಹುದು. ಏನು ಮಾಡಬೇಕೆಂದಿದ್ದೇನೆ ಎಂದು ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕು, ಅಧ್ಯಾಪಕರ ಶಿಫಾರಸು ಬೇಕು. ನಮ್ಮ ಮಕ್ಕಳು ಎಡವುವುದು ಆ ಒಂದು ಪುಟದಲ್ಲಿ. ಕನ್ನಡ, ತಮಿಳಿನಲ್ಲಿ ಓದಿದ ನಾನೂ ಎಡವಿದವನೇ. ಒಂಬತ್ತನೇ ತರಗತಿಯಿಂದಲೇ, ಕಂಡದ್ದನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿ.

ಜೌಗಿಗಾಗಿ ಸ್ವೀಡನ್ನಿಗೇ ಹೋಗಬೇಕಿಲ್ಲ. ನೀಲಗಿರಿಯ ಕಣಿವೆಗಳ ಕಪ್ಪು ಪೀಟ್ ಮಣ್ಣನ್ನು ಅಗೆದು, ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಸುಮಾರು 20,000 ವರ್ಷಗಳ ಹವಾಮಾನದ ಕಥೆ ಓದಿದರು. 1993ರಲ್ಲಿ ಅದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಮಳೆಯ ಕಾಲದ ಗಿಡಮರ, ಒಣಗಾಲದ ಹುಲ್ಲು ಎರಡೂ ಮಣ್ಣಿನ ಇಂಗಾಲದಲ್ಲಿ ಬೇರೆ ಬೇರೆ ಗುರುತು ಬಿಡುತ್ತವೆ.

ಈ ರಜೆಯಲ್ಲಿ ಊರ ಕೆರೆಗೆ ಒಂದು ಗುರುತಿನ ಕೋಲು ನೆಡಿಸಿ, ವಾರಕ್ಕೊಮ್ಮೆ ನೀರಿನ ಮಟ್ಟ ಬರೆಯಲು ಹೇಳಿ. ದಿನಾಂಕ ಹಾಕುವುದನ್ನು ಮರೆಯದಿರಲಿ.