ಖೀಮಾ ಯಂತ್ರ: ಬೆಲೆಯೊಂದೇ ಲೆಕ್ಕವಲ್ಲ

ಗೋವಿಂದರಾಜನಗರದ ಮಾಂಸದಂಗಡಿಯವರು ಖೀಮಾ ಯಂತ್ರ ಕೊಳ್ಳುವಾಗ ಬೆಲೆಯನ್ನು ಮೊದಲು ವಿಚಾರಿಸುವುದು ಸಹಜ. ಆದರೆ ಗಮನಿಸಬೇಕಾದ ಅಂಶಗಳು ಇನ್ನೂ ಇವೆ.

ಮೊದಲನೆಯದು ಅಳತೆ. 12ನೇ ಸಂಖ್ಯೆಯ ಯಂತ್ರದ ರಂಧ್ರದ ಬಿಲ್ಲೆಯ ವ್ಯಾಸ ಸುಮಾರು 70 ಮಿ.ಮೀ., 22ರದು ಸುಮಾರು 82 ಮಿ.ಮೀ. ಭಾನುವಾರದ ಬೇಡಿಕೆಯನ್ನು ಆಧರಿಸಿ ಆಯ್ಕೆ ಮಾಡುವುದು ಲೇಸು. ಎರಡನೆಯದು ಶುಚಿತ್ವ. ಮಾಂಸ ತಗಲುವ ಭಾಗಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿದ್ದು, ದಿನವೂ ಬಿಚ್ಚಿ ತೊಳೆಯುವಂತಿರಬೇಕು.

ಮೂರನೆಯದು ತೆರಿಗೆ. ತಾಜಾ ಮಾಂಸಕ್ಕೆ ಜಿಎಸ್‌ಟಿ ಇಲ್ಲ. ಆದ್ದರಿಂದ ಅದನ್ನಷ್ಟೇ ಮಾರುವವರಿಗೆ ಯಂತ್ರದ ಮೇಲೆ ತೆತ್ತ ತೆರಿಗೆಯ ಜಮೆ ದೊರೆಯದು. 40,000 ರೂ. ಬೆಲೆಯ ಯಂತ್ರಕ್ಕೆ ಶೇ. 18ರಂತೆ 7,200 ರೂ. ಸೇರಿ 47,200 ರೂ. ನಿಜವಾದ ವೆಚ್ಚವಾಗುತ್ತದೆ. ಲೆಕ್ಕಪುಸ್ತಕವಿಟ್ಟು ಲಾಭ ತೋರಿಸುವವರು ಈ ಪೂರ್ಣ ಮೊತ್ತದ ಮೇಲೆ ಶೇ. 15ರ ಸವಕಳಿ, ಅಂದರೆ ಮೊದಲ ವರ್ಷ 7,080 ರೂ. ಪಡೆಯಬಹುದು, ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಅದರ ಅರ್ಧ ಮಾತ್ರ. ಅಂದಾಜು ಲಾಭದ ಯೋಜನೆಯಲ್ಲಿರುವವರಿಗೆ ಪ್ರತ್ಯೇಕ ಸವಕಳಿಯಿಲ್ಲ.

ಕೊನೆಯದಾಗಿ, ಯಾರಾದರೂ ಕಾಡುಹಂದಿಯ ಅಥವಾ ಜಿಂಕೆಯ ಮಾಂಸ ತಂದು ಖೀಮಾ ಮಾಡಿಕೊಡಲು ಕೋರಿದರೆ ಸ್ಪಷ್ಟವಾಗಿ ನಿರಾಕರಿಸತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಬೇಟೆಯಂತೆಯೇ ಅಂತಹ ಮಾಂಸವನ್ನು ಇರಿಸಿಕೊಳ್ಳುವುದೂ ಅಪರಾಧ. ಪುಡಿಗಾಸಿನ ಕೂಲಿಗಾಗಿ ಅಂಗಡಿಯನ್ನೇ ಪಣಕ್ಕಿಡುವುದು ವ್ಯಾಪಾರವಲ್ಲ.