ಮೂರು ಗಾಲಿಯ ಮೋಟಾರ್ ಸೈಕಲ್ಲೂ ಅದರ ಮಡ್‌ಗಾರ್ಡಿನ ಬಣ್ಣವೂ

ಮೋಟಾರ್ ಸೈಕಲ್ಲಿಗೆ ಎರಡು ಗಾಲಿಗಳಿರುವುದು ವಾಡಿಕೆ. ಆದರೆ ಅಮೆರಿಕದಲ್ಲಿ ಮುಂದೊಂದು, ಹಿಂದೆರಡು ಗಾಲಿಗಳುಳ್ಳ ಮೋಟಾರ್ ಸೈಕಲ್ಲುಗಳು ಬಹುಕಾಲದಿಂದ ರೂಢಿಯಲ್ಲಿವೆ. ಹಾರ್ಲೆ-ಡೇವಿಡ್‌ಸನ್ ಕಂಪನಿಯು 1932ರಿಂದ 1973ರವರೆಗೆ ತಯಾರಿಸಿದ ‘ಸರ್ವಿ-ಕಾರ್’ ಈ ಬಗೆಯದು; ಮೋಟಾರು ದುರಸ್ತಿಯ ಅಂಗಡಿಯವರೂ ಪೊಲೀಸರೂ ಅದನ್ನು ವಿಶೇಷವಾಗಿ ಬಳಸುತ್ತಿದ್ದರು. ಅದೇ ಕಂಪನಿಯು 2008ರಲ್ಲಿ ‘ಟ್ರೈ ಗ್ಲೈಡ್’ ಎಂಬ ದೊಡ್ಡ ವಾಹನವನ್ನು ಹೊರತಂದಿತು. ಹೋಂಡಾ ಗೋಲ್ಡ್ ವಿಂಗ್‌ನಂಥ ಭಾರಿ ಯಂತ್ರಗಳ ಹಿಂಗಾಲಿಯನ್ನು ಕಳಚಿ, ಆ ಜಾಗದಲ್ಲಿ ಎರಡು ಗಾಲಿಗಳನ್ನು ಜೋಡಿಸಿಕೊಡುವ ಕಾರ್ಖಾನೆಗಳೂ ಅಲ್ಲಿ ಹುಟ್ಟಿಕೊಂಡವು. ಇಂಥ ವಾಹನಗಳಿಗೆ ಟ್ರೈಕ್ ಎಂದು ಹೆಸರು. ಗಾಲಿಗಳ ಜೋಡಣೆಯನ್ನು ಕಣ್ಮುಂದೆ ತಂದುಕೊಳ್ಳಲು ನಮ್ಮ ವಾಚಕರು ಆಟೋರಿಕ್ಷಾವನ್ನು ನೆನೆದರೆ ಸಾಕು. ಆದರೆ ರಿಕ್ಷಾಕ್ಕಿರುವಂತೆ ಟ್ರೈಕಿಗೆ ಮುಚ್ಚಿದ ಗೂಡಿಲ್ಲ. ಹಿಂಗಾಲಿಗಳನ್ನು ಕವಿದ ಎರಡು ಅಗಲವಾದ ಮಡ್‌ಗಾರ್ಡುಗಳು ಸವಾರನ ಎಡಬಲಗಳಲ್ಲಿ ಗಾಳಿಗೆ ಎದೆಯೊಡ್ಡಿ ನಿಂತಿರುತ್ತವೆ. ಅಮೆರಿಕನ್ನರು ಇವನ್ನು ಫೆಂಡರ್ ಎಂದು ಕರೆಯುತ್ತಾರೆ.

ಕನ್ನಡಿಯಂತೆ ಹೊಳೆಯುವ ಬಣ್ಣವೇ ಈ ವಾಹನಗಳ ಮುಖ್ಯ ಅಲಂಕಾರ. ಹೀಗಿದ್ದರೂ ಕೆಲವು ಸಾವಿರ ಮೈಲಿಗಳ ಪ್ರಯಾಣ ಮುಗಿಯುವಷ್ಟರಲ್ಲಿ ಹಿಂದಿನ ಮಡ್‌ಗಾರ್ಡುಗಳ ಮುಂಭಾಗವು ಸಿಡುಬೆದ್ದ ಮುಖದಂತೆ ಚುಕ್ಕಿಚುಕ್ಕಿಯಾಗಿ ಕೆಡುವುದುಂಟು. ಪೆಟ್ರೋಲು ಟ್ಯಾಂಕಿನ ಬಣ್ಣಕ್ಕೆ ಏನೂ ಆಗಿರುವುದಿಲ್ಲ. ಮಡ್‌ಗಾರ್ಡಿನ ಬೆನ್ನಿನ ಬಣ್ಣವೂ ಚೆನ್ನಾಗಿಯೇ ಇರುತ್ತದೆ. ಕೆಡುವುದು ಮುಂದಕ್ಕೆ ಮುಖ ಮಾಡಿದ ಕೆಳಭಾಗ ಮಾತ್ರ. ಇದೇಕೆ ಹೀಗೆ?

ಇದಕ್ಕೆ ಉತ್ತರವು ಮುಂಗಾಲಿಯ ಚಲನೆಯಲ್ಲಿದೆ. ಉರುಳುವ ಗಾಲಿಯು ನೆಲವನ್ನು ಮುಟ್ಟುವ ಬಿಂದುವು ಆ ಕ್ಷಣದಲ್ಲಿ ನಿಶ್ಚಲವಾಗಿರುತ್ತದೆ. ಗಾಲಿಯ ನೆತ್ತಿಯ ಬಿಂದುವಾದರೋ ವಾಹನದ ಎರಡರಷ್ಟು ವೇಗದಿಂದ ಮುಂದಕ್ಕೆ ಓಡುತ್ತಿರುತ್ತದೆ. ಟೈರಿನ ಮೇಲಣ ಯಾವುದೇ ಒಂದು ಬಿಂದುವು ಗಣಿತಜ್ಞರು ಚಕ್ರಜವೆಂದು ಕರೆಯುವ ಕಮಾನಿನಾಕಾರದ ರೇಖೆಯಲ್ಲಿ ಸಾಗುತ್ತದೆ. ಈ ರೇಖೆಯು ನೆಲವನ್ನು ಬಿಟ್ಟೇಳುವಾಗ ಹೆಚ್ಚು ಕಡಮೆ ನೆಟ್ಟಗೆ ಮೇಲಕ್ಕೆ ಏಳುತ್ತದೆ. ಟೈರಿನ ಗೀರುಗಳ ಸಂದಿನಲ್ಲಿ ಸಿಕ್ಕಿಕೊಂಡ ಒಂದು ಹರಳುಕಲ್ಲು ನೆಲದಿಂದ ಸ್ವಲ್ಪ ಮೇಲೆದ್ದೊಡನೆ ಕಳಚಿಕೊಂಡಿತೆನ್ನೋಣ. ರಸ್ತೆಯ ಬದಿಯಲ್ಲಿ ನಿಂತವನಿಗೆ ಅದು ಇದ್ದಲ್ಲಿಯೇ ಮೇಲಕ್ಕೆ ಚಿಮ್ಮಿದಂತೆ ಕಾಣುತ್ತದೆ. ಅದೇ ಕಲ್ಲು ಸವಾರನಿಗೆ ವಾಹನದ ಪೂರ್ಣವೇಗದಿಂದ ಹಿಂದಕ್ಕೆ ಹಾರಿದಂತೆ ಕಾಣುತ್ತದೆ. ಆದ್ದರಿಂದ ಕಲ್ಲು ಬಂದು ಮಡ್‌ಗಾರ್ಡನ್ನು ಹೊಡೆಯಿತೆನ್ನುವುದಕ್ಕಿಂತ ಮಡ್‌ಗಾರ್ಡೇ ಹೋಗಿ ಕಲ್ಲನ್ನು ಹೊಡೆಯಿತೆನ್ನುವುದು ಹೆಚ್ಚು ಸರಿಯಾದ ಮಾತು.

ಇದಲ್ಲದೆ ಟೈರಿನ ಅಂಚಿಗೆ ಸಿಕ್ಕಿದ ಕಲ್ಲು, ಬೆರಳುಗಳ ನಡುವೆ ಹಿಸುಕಿದ ಒದ್ದೆ ಹುಣಿಸೆಬೀಜದಂತೆ, ಪಕ್ಕಕ್ಕೆ ಚಿಮ್ಮುತ್ತದೆ. ಹೀಗೆ ಮುಂಗಾಲಿಯ ಹಿಂದೆ ಬೀಸಣಿಗೆಯಂತೆ ಹರಡಿಕೊಂಡ ಕಲ್ಲುಗಳ ಒಂದು ತುಂತುರು ಏಳುತ್ತದೆ. ಎರಡು ಗಾಲಿಯ ವಾಹನದಲ್ಲಿ ಹಿಂಗಾಲಿಯು ಎಂಜಿನ್ನಿನ ಮರೆಯಲ್ಲಿರುವುದರಿಂದ ಈ ತುಂತುರಿನ ಬಹುಭಾಗ ಅದರ ಪಕ್ಕದಲ್ಲಿ ಹಾದುಹೋಗುತ್ತದೆ. ಟ್ರೈಕಿನ ಮಡ್‌ಗಾರ್ಡುಗಳಾದರೋ ಬೀಸಣಿಗೆಯ ಎರಡು ತುದಿಗಳಿಗೆ ಸರಿಯಾಗಿ ಅಡ್ಡ ನಿಂತಿರುತ್ತವೆ.

ಈಗ ಪೆಟ್ಟಿನ ಪ್ರಮಾಣವನ್ನು ಲೆಕ್ಕ ಹಾಕೋಣ. ದೊಡ್ಡ ಕಡಲೆಕಾಳಿನ ಗಾತ್ರದ ಕಲ್ಲಿನ ತೂಕ ಸುಮಾರು 1 ಗ್ರಾಂ. ವಾಹನದ ವೇಗ ಗಂಟೆಗೆ 90 ಕಿಲೋಮೀಟರು, ಅಂದರೆ ಸೆಕೆಂಡಿಗೆ 25 ಮೀಟರು, ಆಗಿದ್ದರೆ ಚಲನಶಕ್ತಿಯು 0.31 ಜೂಲ್ ಆಗುತ್ತದೆ. ಇದು 100 ಗ್ರಾಂ ತೂಕದ ಬಟ್ಟನ್ನು 32 ಸೆಂಟಿಮೀಟರು ಎತ್ತರದಿಂದ ಬೀಳಿಸಿದುದಕ್ಕೆ ಸಮ. ಇಷ್ಟೇ ತಾನೆ ಎಂದು ವಾಚಕರು ಹೇಳಬಹುದು. ಆದರೆ ಬಟ್ಟಿಗೆ ಚಪ್ಪಟೆಯಾದ ತಳವಿದೆ. ಜಲ್ಲಿಕಲ್ಲು ತನ್ನ ಶಕ್ತಿಯನ್ನೆಲ್ಲ ಸೂಜಿಮೊನೆಯಷ್ಟು ಜಾಗದಲ್ಲಿ, ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕೂ ಕಡಮೆಯಾದ ಕಾಲದಲ್ಲಿ ಸುರಿದುಬಿಡುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ವೇಗವನ್ನು ಅರ್ಧಕ್ಕಿಳಿಸಿದರೆ ಪೆಟ್ಟು ಕಾಲುಭಾಗಕ್ಕೆ ಇಳಿಯುತ್ತದೆಂಬುದನ್ನೂ ಇಲ್ಲಿ ಹೇಳಬಹುದು. ಜಲ್ಲಿ ಹರಡಿದ ರಸ್ತೆಯಲ್ಲಿ ನಿಧಾನವಾಗಿ ಹೋಗುವುದಕ್ಕಿಂತ ಅಗ್ಗವಾದ ರಕ್ಷಣೆ ಬೇರೊಂದಿಲ್ಲ.

ಪೆಟ್ಟನ್ನು ತಾಳಬೇಕಾದ ಬಣ್ಣವು ಎಷ್ಟು ದಪ್ಪ? ಕಾರ್ಖಾನೆಯಲ್ಲಿ ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟಿನ ಸ್ನಾನ ಮಾಡಿಸುತ್ತಾರೆ. ಬಳಿಕ ವಿದ್ಯುತ್ತಿನ ನೆರವಿನಿಂದ ಅಂಟಿಸಿದ ಒಂದು ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ವರ್ಣದ ಪದರ, ಎಲ್ಲಕ್ಕೂ ಮೇಲೆ ಹೊಳಪು ಕೊಡುವ ಪಾರದರ್ಶಕವಾದ ಪದರ. ಇಷ್ಟೆಲ್ಲ ಸೇರಿ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಈ ಪದರಗಳು ಪಾಲಿಮರ್ ಜಾತಿಯವು. ಪಾಲಿಮರುಗಳಿಗೆ ಒಂದು ಸ್ವಭಾವವಿದೆ: ಬೆಚ್ಚಗಿರುವಾಗ ಮೆತ್ತಗಾಗಿ ಬಾಗುತ್ತವೆ, ತಣ್ಣಗಾದಾಗ ಗಾಜಿನಂತೆ ಪೆಡಸಾಗುತ್ತವೆ. ಅತ್ಯಂತ ವೇಗವಾದ ಪೆಟ್ಟು ಕೂಡ ಚಳಿಯ ಪರಿಣಾಮವನ್ನೇ ಉಂಟುಮಾಡುತ್ತದೆ. ಅಣುಗಳ ಸರಪಣಿಗಳಿಗೆ ಜರುಗಿ ದಾರಿ ಕೊಡುವಷ್ಟು ವ್ಯವಧಾನ ಸಿಗುವುದಿಲ್ಲ. ಉಗುರಿನಿಂದ ಮೆಲ್ಲಗೆ ಒತ್ತಿದರೆ ಒಡೆಯದ ಬಣ್ಣವು ಕಲ್ಲು ಬಡಿದಾಗ ಚಕ್ಕೆಯೇಳುವುದು ಇದರಿಂದಲೇ.

ಚಕ್ಕೆ ಎದ್ದರೆ ಅಂದ ಕೆಟ್ಟಿತು ಎನ್ನುವಷ್ಟರಲ್ಲಿಯೇ ವಿಷಯ ಮುಗಿಯುವುದಿಲ್ಲ. ಉತ್ತರ ಅಮೆರಿಕದ ಶೀತಪ್ರದೇಶಗಳಲ್ಲಿ ಹಿಮವನ್ನು ಕರಗಿಸಲು ಚಳಿಗಾಲದಲ್ಲಿ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಬಣ್ಣ ಹೋಗಿ ಬಯಲಾದ ಉಕ್ಕಿನ ಮೇಲೆ ಕುಳಿತ ಉಪ್ಪುನೀರಿನ ಹನಿಯು ಒಂದು ಪುಟ್ಟ ವಿದ್ಯುತ್ಕೋಶವೇ ಸರಿ. ಕೇಂಬ್ರಿಜ್‌ನ ವಿಜ್ಞಾನಿ ಯು. ಆರ್. ಇವಾನ್ಸ್ ಇಂಥ ಹನಿಗಳನ್ನು ಪರೀಕ್ಷಿಸಿ, ಕಬ್ಬಿಣವು ಕರಗುವುದು ಹನಿಯ ನಡುವಿನಲ್ಲಿ ಎಂಬುದನ್ನು ತೋರಿಸಿದನು. ಗಾಳಿಯ ಆಮ್ಲಜನಕವು ಸುಲಭವಾಗಿ ದೊರೆಯುವ ಹನಿಯ ಅಂಚಿನಲ್ಲಿ ಕ್ಷಾರವು ಹುಟ್ಟುತ್ತದೆ. ಈ ಕ್ಷಾರವು ಸುತ್ತಣ ಬಣ್ಣದ ಅಂಟನ್ನು ಸಡಿಲಿಸುತ್ತದೆ. ಮೇಲಾಗಿ ತುಕ್ಕು ತಾನು ಹುಟ್ಟಿದ ಕಬ್ಬಿಣದ ಎರಡರಷ್ಟಕ್ಕೂ ಹೆಚ್ಚಿನ ಜಾಗವನ್ನು ಬೇಡುವುದರಿಂದ, ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ಎಳ್ಳಿನಷ್ಟಿದ್ದ ಗಾಯವು ಒಂದೆರಡು ಚಳಿಗಾಲಗಳಲ್ಲಿ ನಾಣ್ಯದಗಲ ಬೆಳೆಯುವುದು ಹೀಗೆ. ಆದಕಾರಣ ಚಕ್ಕೆ ಕಂಡ ಕೂಡಲೆ ಅದನ್ನು ತೊಳೆದು, ಒಣಗಿಸಿ, ಸಣ್ಣ ಕುಂಚದಿಂದ ಬಣ್ಣ ಮುಟ್ಟಿಸಿಬಿಡಬೇಕು.

ಬಹು ಟ್ರೈಕುಗಳ ಹಿಂಭಾಗವನ್ನು ಗಾಜಿನ ನಾರು ಮತ್ತು ರಾಳಗಳಿಂದ, ಅಂದರೆ ಫೈಬರ್‌ಗ್ಲಾಸಿನಿಂದ, ಮಾಡಿರುತ್ತಾರೆ. ಇದಕ್ಕೆ ತುಕ್ಕಿನ ಭಯವಿಲ್ಲ. ಆದರೆ ಇದರ ಶತ್ರು ಒಳಗಿನಿಂದ ಬರುತ್ತಾನೆ. ಹಿಂಗಾಲಿಯೇ ಎಸೆದ ಕಲ್ಲು ಮಡ್‌ಗಾರ್ಡಿನ ಒಳಮೈಗೆ ಬಡಿದಾಗ ತೆಳುವಾದ ಗೋಡೆಯು ಕ್ಷಣಮಾತ್ರ ಹೊರಕ್ಕೆ ಉಬ್ಬುತ್ತದೆ. ಹೊರಮೈಯ ಪೆಡಸಾದ ಪದರವು ಆ ಉಬ್ಬನ್ನು ತಾಳಲಾರದೆ ನಕ್ಷತ್ರದಾಕಾರದಲ್ಲಿ ಬಿರಿಯುತ್ತದೆ. ಹೊರಗೆ ಯಾವ ಕಲ್ಲೂ ತಾಗದಿದ್ದರೂ ಬಿರುಕು ಕಾಣಿಸಿಕೊಂಡಿತೆಂದು ಮಾಲೀಕರು ಬೆರಗಾಗುವುದುಂಟು. ಒಳಮೈಗೆ ರಬ್ಬರಿನಂಥ ದಪ್ಪ ಲೇಪವನ್ನು ಬಳಿಯುವುದು ಇದಕ್ಕೆ ಮದ್ದು.

ಹೊರಮೈಯ ರಕ್ಷಣೆಗೆ ಜನರು ಮೊದಲು ನೆನೆಯುವುದು ಮೇಣವನ್ನು. ಈಚೆಗೆ ‘ಸೆರಾಮಿಕ್’ ಲೇಪವನ್ನು. ಇವೆರಡೂ ನೀರನ್ನು ಜಾರಿಸುತ್ತವೆ, ಹೊಳಪನ್ನು ಕಾಯುತ್ತವೆ, ಕೊಳೆ ತೊಳೆಯುವುದನ್ನು ಸುಲಭಗೊಳಿಸುತ್ತವೆ. ಕಲ್ಲಿನಿಂದ ಮಾತ್ರ ಕಾಪಾಡವು. ಸೆರಾಮಿಕ್ ಲೇಪದ ಡಬ್ಬಿಯ ಮೇಲೆ ಕಾಠಿಣ್ಯವು ‘9 ಎಚ್’ ಎಂದು ಅಚ್ಚಾಗಿರುವುದನ್ನು ನೋಡಿ, ಇದು ವಜ್ರಕ್ಕೆ ಸಮೀಪವಾದುದೆಂದು ಕೆಲವರು ಭ್ರಮಿಸುತ್ತಾರೆ. ಅದು ಖನಿಜಗಳ ಮಾನವಲ್ಲ, ಸೀಸದ ಕಡ್ಡಿಯ ಮಾನ: ಗೀಚಿದಾಗ ಯಾವ ಪೆನ್ಸಿಲು ಲೇಪಕ್ಕೆ ಗಾಯ ಮಾಡಲಾರದು ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೆಲವೇ ಮೈಕ್ರಾನು ದಪ್ಪದ ಪದರವು ಎಷ್ಟು ಕಠಿಣವಾದರೇನು, ಕೆಳಗಿನ ಬಣ್ಣದೊಡನೆ ತಾನೂ ಒಡೆಯುತ್ತದೆ. ಇಲ್ಲಿ ಬೇಕಾದುದು ಕಾಠಿಣ್ಯವಲ್ಲ, ಬಾಗಿ ಮತ್ತೆ ನಿಲ್ಲುವ ಗುಣ. ಬಿರುಗಾಳಿಗೆ ಮರ ಉರುಳಿದರೂ ಜೊಂಡು ಉಳಿಯುವುದನ್ನು ಕಂಡವರಿಗೆ ಇದು ಹೊಸ ಮಾತಲ್ಲ.

ಈ ಗುಣವುಳ್ಳ ವಸ್ತುವು ಪಾಲಿಯುರೆಥೇನ್. ಇದರ ರಸಾಯನವನ್ನು ಜರ್ಮನಿಯ ಆಟೋ ಬೇಯರ್ ಮತ್ತು ಅವನ ಸಂಗಡಿಗರು 1937ರಲ್ಲಿ ಕಂಡುಹಿಡಿದರು. 1960ರ ದಶಕದಲ್ಲಿ, ವಿಯೆಟ್ನಾಮಿನ ಯುದ್ಧದ ಕಾಲದಲ್ಲಿ, ಮರಳು ಹೊಡೆದು ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಯಲಗುಗಳ ಅಂಚು ಸವೆಯುತ್ತಿದ್ದಾಗ ಅವುಗಳಿಗೆ ಈ ವಸ್ತುವಿನ ಹಾಳೆಯನ್ನು ಅಂಟಿಸಿದರು. ಲೋಹವೇ ಸವೆಯುವಲ್ಲಿ ಮೆತ್ತನೆಯ ಹಾಳೆ ಉಳಿದುಕೊಂಡಿತು. ಅದರ ಅಣುಗಳ ಸರಪಣಿಯಲ್ಲಿ ಗಟ್ಟಿಯಾದ ತುಂಡುಗಳೂ ಮೆತ್ತನೆಯ ತುಂಡುಗಳೂ ಒಂದಾದ ಮೇಲೊಂದು ಬರುತ್ತವೆ. ಮೆತ್ತನೆಯವು ಹಿಗ್ಗುತ್ತವೆ, ಗಟ್ಟಿಯವು ಗಂಟುಗಳಂತೆ ಹಿಡಿದಿದ್ದು ಮತ್ತೆ ಮೊದಲಿನ ಆಕಾರಕ್ಕೆ ಎಳೆದುಕೊಳ್ಳುತ್ತವೆ. ಕಲ್ಲು ತಾಗಿದಾಗ ಹಾಳೆ ಕುಸಿದು, ಪೆಟ್ಟನ್ನು ಹೆಚ್ಚು ಜಾಗಕ್ಕೂ ಹೆಚ್ಚು ಕಾಲಕ್ಕೂ ಹರಡಿ, ಒಂದಂಶವನ್ನು ಶಾಖವಾಗಿ ಮಾರ್ಪಡಿಸಿ, ಉಳಿದುದರಿಂದ ಕಲ್ಲನ್ನು ಹಿಂದಕ್ಕೆ ಪುಟಿಸುತ್ತದೆ. ವಾಹನಗಳಿಗೆ ಅಂಟಿಸುವ ಪಾರದರ್ಶಕ ಹಾಳೆಯ ದಪ್ಪ ಸುಮಾರು 150ರಿಂದ 200 ಮೈಕ್ರಾನು. ಅಂದರೆ ರಕ್ಷಿಸುವ ಹಾಳೆಯು ರಕ್ಷಿತವಾದ ಬಣ್ಣಕ್ಕಿಂತ ದಪ್ಪ! ಕೊಳ್ಳುವವರು ಒಂದನ್ನು ವಿಚಾರಿಸಬೇಕು. ಬೆಂಜೀನ್ ಉಂಗುರಗಳುಳ್ಳ ಪಾಲಿಯುರೆಥೇನ್ ಬಿಸಿಲಿನ ಅತಿನೇರಳೆ ಕಿರಣಗಳಿಂದ ಹಳದಿಯಾಗುತ್ತದೆ. ಅವಿಲ್ಲದ ಅಲಿಫ್ಯಾಟಿಕ್ ಜಾತಿಯದು ಬಹುಕಾಲ ತಿಳಿಯಾಗಿರುತ್ತದೆ.

ಹಾಳೆಯನ್ನು ಅಂಟಿಸುವುದು ಸುಲಭದ ಕೆಲಸವಲ್ಲ. ಮಡ್‌ಗಾರ್ಡು ಎರಡು ದಿಕ್ಕುಗಳಲ್ಲಿಯೂ ಬಾಗಿರುತ್ತದೆ. ಗೋಳದ ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಸಮತಲಕ್ಕೆ ಹರಡಲಾಗದೆಂಬುದು ಗೌಸ್ 1827ರಲ್ಲಿ ಸಾಧಿಸಿದ ಪ್ರಮೇಯದಿಂದ ತಿಳಿದುಬರುತ್ತದೆ. ಭೂಪಟ ಬರೆಯುವವರ ಕಷ್ಟವೇ ಹಾಳೆ ಅಂಟಿಸುವವರದೂ. ಹಾಳೆಯು ಹಿಗ್ಗುವುದರಿಂದ ಕೆಲಸ ಹೇಗೋ ನಡೆಯುತ್ತದೆ. ಆದರೆ ಅಂಚಿನಲ್ಲಿ ಅತಿಯಾಗಿ ಎಳೆದು ಕೂರಿಸಿದ ಹಾಳೆಯು ಕೆಲವು ದಿನಗಳಲ್ಲಿ ತನ್ನ ಮೊದಲಿನ ಅಳತೆಗೆ ಸರಿದು ಅಂಚು ಬಿಡುತ್ತದೆ. ಬಿಟ್ಟ ಅಂಚಿನಲ್ಲಿ ಧೂಳು ಸೇರುತ್ತದೆ. ನಡುವಿನಿಂದ ಹೊರಕ್ಕೆ ಎಳೆತವನ್ನು ಸಮನಾಗಿ ಹಂಚುವುದೇ ಇದರಲ್ಲಿನ ಕುಶಲತೆ. ಮೈಯನ್ನು ತೊಳೆದು ಜಿಡ್ಡು ತೆಗೆದ ಮೇಲೆ, ಕೊಂಚ ಸಾಬೂನು ಬೆರೆಸಿದ ನೀರನ್ನು ಚಿಮುಕಿಸಿ ಹಾಳೆಯನ್ನು ತೇಲಿಸಿ ಕೂರಿಸುತ್ತಾರೆ; ಬಳಿಕ ರಬ್ಬರಿನ ಪಟ್ಟಿಯಿಂದ ನೀರನ್ನು ಹೊರಕ್ಕೆ ಒರೆಸುತ್ತಾರೆ. ಅಂಗಡಿಯಲ್ಲಿ ಹೊಸದಾಗಿ ಬಳಿಸಿದ ಬಣ್ಣದ ಮೇಲೆ ಕೂಡಲೆ ಅಂಟಿಸಬಾರದು. ಕೈಗೆ ಒಣಗಿದಂತೆ ತೋರಿದರೂ ಬಣ್ಣದ ದ್ರಾವಕವು ವಾರಗಟ್ಟಲೆ ಆವಿಯಾಗುತ್ತಲೇ ಇರುತ್ತದೆ. ಮೇಲೆ ಹಾಳೆ ಮುಚ್ಚಿದರೆ ಆ ಆವಿ ಗುಳ್ಳೆಗಳಾಗಿ ನಿಲ್ಲುತ್ತದೆ.

ಇನ್ನೊಂದು ಉಪಾಯವು ಬಹಳ ಸರಳವಾದುದು: ಮುಂದಿನ ಮಡ್‌ಗಾರ್ಡಿನ ಕೆಳತುದಿಗೆ ಒಂದು ರಬ್ಬರಿನ ತುಂಡನ್ನು ಜೋಡಿಸಿ ಅದನ್ನು ನೆಲದತ್ತ ಇಳಿಬಿಡುವುದು. ಅಂಚಿನಿಂದ ಪಕ್ಕಕ್ಕೆ ಚಿಮ್ಮುವ ಕಲ್ಲುಗಳೆಲ್ಲವನ್ನೂ ಅದು ತಡೆಯಲಾರದು. ಆದರೆ ಟೈರಿನಿಂದ ಹಿಂದಕ್ಕೆ ಮೇಲೇಳುವ ಕಲ್ಲುಗಳಿಗೆ ಅಡ್ಡವಾಗಿ, ಬೀಸಣಿಗೆಯನ್ನು ಕಿರಿದುಗೊಳಿಸುತ್ತದೆ. ಹಾಳೆಯನ್ನು ಅಂಟಿಸಿಕೊಂಡವರೂ ಇದನ್ನು ಬಿಡತಕ್ಕದ್ದಲ್ಲ.

ಹಾಳೆಗೂ ಆಯುಸ್ಸು ಉಂಟು. ಕೆಲವು ವರ್ಷಗಳ ಬಿಸಿಲಿನ ಬಳಿಕ ಅದು ಮಂಕಾದಾಗ, ಬೆಚ್ಚಗೆ ಮಾಡಿ ಮೆಲ್ಲಮೆಲ್ಲನೆ ಸುಲಿದು ತೆಗೆಯಬೇಕಾಗುತ್ತದೆ. ಕಾರ್ಖಾನೆಯ ಭದ್ರವಾದ ಬಣ್ಣವು ಈ ಎಳೆತವನ್ನು ತಾಳುತ್ತದೆ. ಸರಿಯಾಗಿ ಅಂಟಿರದ ಬಣ್ಣವು ಹಾಳೆಯೊಡನೆಯೇ ಎದ್ದುಬರಬಹುದು. ಐವತ್ತು ವರ್ಷಗಳಿಗೂ ಹಿಂದಿನ ಸರ್ವಿ-ಕಾರುಗಳಲ್ಲಿ ಮೊದಲಿನ ಬಣ್ಣವನ್ನೇ ಉಳಿಸಿಕೊಂಡವು ಈಗಲೂ ಇವೆ. ಆ ಬಣ್ಣವನ್ನು ಮತ್ತೊಮ್ಮೆ ಬಳಿದು ಪಡೆಯುವಂತಿಲ್ಲ. ಅಂಥವುಗಳ ಮಾಲೀಕರು ಹಾಳೆಯ ಗೊಡವೆಗೆ ಹೋಗದೆ ಮುಂಗಾಲಿಯ ಹಿಂದೆ ರಬ್ಬರಿನ ತುಂಡನ್ನು ಕಟ್ಟಿ, ಜಲ್ಲಿಯ ರಸ್ತೆಯನ್ನು ತಪ್ಪಿಸಿ ಓಡಾಡುವುದು ಲೇಸೆಂದು ನಮಗೆ ತೋರುತ್ತದೆ.